ಹೂಗ್ಯಂ ಸೀಮೆಯಲ್ಲಿ ಸ್ಟ್ಯಾನ್ ಸ್ವಾಮಿಯ ನೆನಪು

ರಾಮಾಪುರ ದಾಟಿದ ಮೇಲೆ ಬಸ್ಸು ಹಗುರಾಗುತ್ತದೆ. ಕೊಳ್ಳೇಗಾಲದಲ್ಲಿ, ಹನೂರಿನಲ್ಲಿ ಹತ್ತಿದವರು ಒಬ್ಬೊಬ್ಬರಾಗಿ ಇಳಿದು, ಕಾಲಡಿ ಗೊಬ್ಬರದ ಮೂಟೆ ಇಟ್ಟುಕೊಂಡವರು, ಶಾಲೆ ಬಿಟ್ಟು ಬರುವ ಮಕ್ಕಳು ಉಳಿಯುತ್ತಾರೆ. ಇಕ್ಕೆಲದಲ್ಲೂ ರಾಗಿ, ಮುಸುಕಿನ ಜೋಳ. ಹೊಲದಂಚಿನ ಮರದ ಮೇಲೊಂದು ಅಟ್ಟಣೆ: ನಾಲ್ಕು ಗಳ, ಮೇಲೆ ಗರಿಯ ಹೊದಿಕೆ, ಪಕ್ಕದಲ್ಲಿ ತೂಗುಬಿಟ್ಟ ಖಾಲಿ ಎಣ್ಣೆ ಡಬ್ಬ. ರಾತ್ರಿ ಡಬ್ಬ ಬಡಿದರೆ ಹಂದಿ ಓಡುತ್ತದೆ. ಆನೆ ಮನಸ್ಸು ಬಂದರೆ ಮಾತ್ರ ಹೋಗುತ್ತದೆ. ಹೊಲದಾಚೆ ಕಾಡು, ಕಾಡಿನಾಚೆ ತಮಿಳುನಾಡು. ಇದು ಹೂಗ್ಯಂ.

1956ರ ನವೆಂಬರ್ 1ರವರೆಗೆ ಕೊಳ್ಳೇಗಾಲ ಸೀಮೆ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಗಡಿಗೆರೆ ಬದಲಾದರೂ ಮಾತು ಬದಲಾಗಲಿಲ್ಲ. ಒಂದೇ ಜಗುಲಿಯಲ್ಲಿ ಕನ್ನಡ, ತಮಿಳು ಎರಡೂ ಸಲೀಸು. ಮಾದಪ್ಪನ ಬೆಟ್ಟಕ್ಕೆ ಉಘೇ ಎನ್ನುತ್ತ ನಡೆಯುವವರ ನಾಡಿನಲ್ಲೇ ಮಾರ್ಟಳ್ಳಿ, ಸಂದನಪಾಳ್ಯದಂಥ ಕ್ರೈಸ್ತರ ಊರುಗಳೂ ಇವೆ. ನವೆಂಬರ್ 2 ಅವರಿಗೆ ಸಕಲ ಮೃತರ ದಿನ. ಅಂದು ಸಮಾಧಿಯ ಸುತ್ತಲಿನ ಕಳೆ ಕಿತ್ತು, ಕುಸಿದ ಮಣ್ಣು ಏರಿಸಿ, ಚೆಂಡುಹೂವಿಟ್ಟು ಮೊಂಬತ್ತಿ ಹಚ್ಚುತ್ತಾರೆ. ಬಲಿಪೂಜೆಯಲ್ಲಿ ಸತ್ತವರ ಹೆಸರು ಓದಿಸುವುದುಂಟು. "ಸಾಮಿ, ನಮ್ಮಪ್ಪನ ಹೆಸರೂ ಸೇರಿಸಿ" ಎಂದು ಚೀಟಿ ಚಾಚುವ ಕೈಗಳಿಗೆ ಆ ದಿನ ಲೆಕ್ಕವಿಲ್ಲ.

ಈ ಸೀಮೆಯಲ್ಲಿ ಸತ್ತವರ ಪಟ್ಟಿ ವಯಸ್ಸಾಗಿ ಹೋದವರದಷ್ಟೇ ಅಲ್ಲ. 1992ರ ಮೇ ತಿಂಗಳಲ್ಲಿ ಕಾಡುಗಳ್ಳ ವೀರಪ್ಪನ್‌ನ ತಂಡ ರಾಮಾಪುರ ಠಾಣೆಗೆ ನುಗ್ಗಿ ಐವರು ಪೊಲೀಸರನ್ನು ಕೊಂದಿತು. ಅದೇ ವರ್ಷದ ಆಗಸ್ಟ್ 14ರಂದು ಮೀಣ್ಯಂ ಹಾದಿಯಲ್ಲಿ ಎಸ್.ಪಿ. ಹರಿಕೃಷ್ಣ, ಪಿ.ಎಸ್.ಐ. ಶಕೀಲ್ ಅಹಮದ್ ಹೊಂಚಿಗೆ ಬಲಿಯಾದರು. 1993ರ ಏಪ್ರಿಲ್ 9ರಂದು ಪಾಲಾರ್ ಬಳಿ ನೆಲಬಾಂಬು ಸಿಡಿದು 22 ಜನ ಹೋದರು. ಆಮೇಲೆ ಹಳ್ಳಿಗಳ ಪಾಳಿ. ರಾತ್ರಿ ಕಾಡಿನವರು ಬಂದು ಅಕ್ಕಿ ಕೇಳುವರು, ಹಗಲು ಪೊಲೀಸರು ಬಂದು ಕೊಟ್ಟವರಾರು ಎಂದು ಕೇಳುವರು. ನೂರಕ್ಕೂ ಹೆಚ್ಚು ಮಂದಿ ಭಯೋತ್ಪಾದನೆ ತಡೆಯುವ ಟಾಡಾ ಕಾಯ್ದೆಯಡಿ ಮೈಸೂರು ಜೈಲು ಸೇರಿದರು. ಗಂಡ ಒಳಗೆ, ಹೆಂಡತಿ ಹೊಲದಲ್ಲಿ. ಮಗು ಅಪ್ಪನ ಮುಖ ಕಾಣದೆ ದೊಡ್ಡದಾಯಿತು. 2001ರಲ್ಲಿ ತೀರ್ಪು ಬಂದಾಗ ಅವರಲ್ಲಿ ಬಹುಪಾಲು ಮಂದಿ ಖುಲಾಸೆಯಾದರು. ವೀರಪ್ಪನ್‌ನನ್ನು ಹಿಡಿಯಲು ಬಂದಿದ್ದ ಪೊಲೀಸ್ ಕಾರ್ಯಪಡೆಯ ದೌರ್ಜನ್ಯದ ದೂರುಗಳನ್ನು ನ್ಯಾಯಮೂರ್ತಿ ಎ.ಜೆ. ಸದಾಶಿವ ಸಮಿತಿ ವಿಚಾರಿಸಿತು. 2007ರಲ್ಲಿ 89 ಮಂದಿಗೆ 2.80 ಕೋಟಿ ರೂಪಾಯಿ ಪರಿಹಾರಕ್ಕೆ ಮಾನವ ಹಕ್ಕುಗಳ ಆಯೋಗ ಹೇಳಿತು. ಜೈಲಿನಲ್ಲಿ ಕಳೆದ ಹರೆಯಕ್ಕೆ ಪರಿಹಾರ ಯಾವ ಖಜಾನೆಯಲ್ಲೂ ಇರಲಿಲ್ಲ.

ಇಂಥ ಮನೆಗಳ ಸಂಕಟವನ್ನೇ ತನ್ನ ಕೊನೆಯ ವರ್ಷಗಳ ಕೆಲಸ ಮಾಡಿಕೊಂಡ ಪಾದ್ರಿ ಸ್ಟ್ಯಾನ್ ಸ್ವಾಮಿ. ಹುಟ್ಟಿದ್ದು 1937ರ ಏಪ್ರಿಲ್ 26, ತಿರುಚಿರಾಪಳ್ಳಿ ಜಿಲ್ಲೆಯಲ್ಲಿ. 1957ರಲ್ಲಿ ಯೇಸುಸಭೆ ಸೇರಿದರು. 1975ರಿಂದ ಹನ್ನೊಂದು ವರ್ಷ ಬೆಂಗಳೂರಿನ ಇಂಡಿಯನ್ ಸೋಷಿಯಲ್ ಇನ್‌ಸ್ಟಿಟ್ಯೂಟಿನ ನಿರ್ದೇಶಕರಾಗಿದ್ದು, ಹಳ್ಳಿಗಾಡಿನಲ್ಲಿ ದುಡಿಯುವ ಕಾರ್ಯಕರ್ತರ ತಲೆಮಾರನ್ನೇ ತಯಾರು ಮಾಡಿದರು. ಆಮೇಲೆ ಈಗಿನ ಜಾರ್ಖಂಡಿನ ಆದಿವಾಸಿಗಳ ನಡುವೆ ನೆಲೆಸಿದರು. ರಾಂಚಿಯ ನಾಮ್‌ಕುಮ್‌ನಲ್ಲಿ ಅವರು ಕಟ್ಟಿದ 'ಬಗೈಚಾ' ಆವರಣದಲ್ಲಿ, ನೆಲಕ್ಕಾಗಿ ಹೋರಾಡಿ ಮಡಿದ ಆದಿವಾಸಿಗಳ ಹೆಸರು ಕೆತ್ತಿದ ಕಲ್ಲು ನಿಂತಿದೆ.

ಸತ್ತವರ ಹೆಸರು ಕಲ್ಲಿಗೇರಿದರೆ ಸಾಲದು, ಒಳಗಿದ್ದವರ ಹೆಸರು ಕೋರ್ಟಿಗೇರಬೇಕು ಎಂಬುದು ಅವರ ದಾರಿ. ನಕ್ಸಲರೆಂಬ ಹಣೆಪಟ್ಟಿ ಹೊತ್ತು ಕೊಳೆಯುತ್ತಿದ್ದ ಆದಿವಾಸಿ ಹುಡುಗರ ಮನೆಮನೆಗೆ ಬಗೈಚಾದವರು ಹೋದರು. 102 ವಿಚಾರಣಾಧೀನರ ಪಾಡನ್ನು ಬರೆದಿಟ್ಟ ಅಧ್ಯಯನ 2016ರಲ್ಲಿ ಹೊರಬಂತು. ಅಂಥ ಸುಮಾರು ಮೂರು ಸಾವಿರ ಮಂದಿಯ ಪರವಾಗಿ ಹೈಕೋರ್ಟಿನ ಬಾಗಿಲು ತಟ್ಟಿದರು.

2020ರ ಅಕ್ಟೋಬರ್ 8ರ ರಾತ್ರಿ ರಾಷ್ಟ್ರೀಯ ತನಿಖಾ ಸಂಸ್ಥೆ (ಎನ್‌ಐಎ) ಅವರನ್ನೇ ಬಂಧಿಸಿತು. ಮಹಾರಾಷ್ಟ್ರದ ಭೀಮಾ ಕೋರೆಗಾಂವ್ ಊರಿನ ಗಲಭೆಯ ಪ್ರಕರಣ, ಮಾವೋವಾದಿ ನಂಟಿನ ಆರೋಪ, ಭಯೋತ್ಪಾದನೆ ತಡೆಯುವ ಯುಎಪಿಎ ಕಾಯ್ದೆ. ತಾನು ಆ ಊರಿಗೆ ಹೋದವನೇ ಅಲ್ಲ ಎಂದು ಅವರು ಹೇಳಿದ್ದರು. ವಯಸ್ಸು 83. ಪಾರ್ಕಿನ್ಸನ್ ಕಾಯಿಲೆಯಿಂದ ಕೈ ನಡುಕ. ಲೋಟ ಎತ್ತಿದರೆ ನೀರು ಎದೆಯ ಮೇಲೆ. ಕೊಳವೆಯಿಂದ ಹೀರಿ ಕುಡಿಯುವ ಬಟ್ಟಲಿಗಾಗಿ ಕೋರ್ಟಿಗೆ ಅರ್ಜಿ ಹಾಕಬೇಕಾಯಿತು. ಉತ್ತರ ಕೊಡಲು ತನಿಖಾ ಸಂಸ್ಥೆ ಕಾಲಾವಕಾಶ ಕೇಳಿತು. ತಳೋಜಾ ಜೈಲಿನಲ್ಲಿ ಸ್ನಾನಕ್ಕೂ ಊಟಕ್ಕೂ ಸಹಕೈದಿಗಳ ಕೈಯೇ ಆಸರೆ. ಪತ್ರದಲ್ಲಿ ಅವರು ಬರೆದದ್ದು ತನ್ನ ನೋವನ್ನಲ್ಲ, ಆ ಕೈಗಳ ದೊಡ್ಡತನವನ್ನು. 2021ರ ಜುಲೈ 5ರಂದು ಬಾಂಬೆ ಹೈಕೋರ್ಟು ಜಾಮೀನು ಅರ್ಜಿ ಕೈಗೆತ್ತಿಕೊಂಡಾಗ, ಜೈಲಿನಿಂದ ಆಸ್ಪತ್ರೆ ಸೇರಿದ್ದ ಅವರು ತೀರಿಕೊಂಡರೆಂದು ಅಲ್ಲಿನ ವೈದ್ಯರು ತಿಳಿಸಿದರು. ಅಪರಾಧಿಯೆಂದು ಸಾಬೀತಾಗಲಿಲ್ಲ, ನಿರಪರಾಧಿಯೆಂದು ಬಿಡುಗಡೆಯೂ ಆಗಲಿಲ್ಲ.

ಅದೇ ವರ್ಷ ಮಂಗಳೂರಿನ ಸಂತ ಅಲೋಶಿಯಸ್ ಸಂಸ್ಥೆ ಒಂದು ಉದ್ಯಾನಕ್ಕೆ ಅವರ ಹೆಸರಿಡಲು ಹೊರಟಾಗ ವಿರೋಧ ಎದ್ದಿತು. ಹೆಸರಿನ ಜಗಳ ಇದ್ದದ್ದೇ. ಅವರನ್ನು ಗೌರವಿಸುವ ಕೆಲಸ ಬೋರ್ಡಿನಲ್ಲಿಲ್ಲ, ಜೈಲಿನ ರಿಜಿಸ್ಟರಿನಲ್ಲಿದೆ.

ಬಂದೂಕು ಸುಮ್ಮನಾದ ಮಾತ್ರಕ್ಕೆ ಶಾಂತಿ ಬಂತೆನ್ನಲಾಗದು ಎಂಬುದು ಹೂಗ್ಯಂಗೆ ಗೊತ್ತು. ವೀರಪ್ಪನ್ ಸತ್ತದ್ದು 2004ರ ಅಕ್ಟೋಬರಿನಲ್ಲಿ. 2025ರ ಜೂನ್‌ನಲ್ಲಿ ಇದೇ ಹೂಗ್ಯಂ ವಲಯದ ಕಾಡಿನಲ್ಲಿ ತಾಯಿಹುಲಿ ಮತ್ತು ನಾಲ್ಕು ಮರಿಗಳು ವಿಷಕ್ಕೆ ಬಲಿಯಾದವು. ದನ ಕಾಯುವವರ ಮತ್ತು ಕಾಡು ಕಾಯುವವರ ನಡುವಿನ ಬಿರುಕು ಮತ್ತೆ ಕಣ್ಣಿಗೆ ಬಿತ್ತು. ತಪ್ಪು ಮಾಡಿದವರಿಗೆ ಶಿಕ್ಷೆಯಾಗಲಿ, ಊರಿಗೆ ಊರೇ ಅನುಮಾನದ ಕಟಕಟೆ ಏರದಿರಲಿ.

ಇಂದಿಗೂ ದೇಶದ ಜೈಲುಗಳಲ್ಲಿರುವ ಪ್ರತಿ ನಾಲ್ವರಲ್ಲಿ ಸುಮಾರು ಮೂವರು ವಿಚಾರಣೆಗೆ ಕಾದವರು. ಬಂಧನದಲ್ಲಿರುವ ಯಾರಿಗೇ ಆಗಲಿ ಪುಕ್ಕಟೆ ವಕೀಲರನ್ನು ಕೊಡಬೇಕೆಂದು 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯೇ ಹೇಳುತ್ತದೆ. ನಿಮ್ಮೂರಿನವರು ಯಾರಾದರೂ ವಕೀಲರಿಲ್ಲದೆ ಒಳಗಿದ್ದರೆ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಒಂದು ಅರ್ಜಿ ಬರೆದುಕೊಡಿ, ಇಲ್ಲವೇ 15100ಕ್ಕೆ ಕರೆ ಮಾಡಿ.