ಕೊನೆಯ ಸ್ಥಾನದಿಂದ ಕಂಚಿನ ಪದಕಕ್ಕೆ

ಮನೆಯಲ್ಲಿ ಸಾರಿನ ಪುಡಿ ಮುಗಿದುಹೋದ ದಿನ ನಮ್ಮ ಅವಸ್ಥೆ ಹೇಗಿರುತ್ತದೆಂದು ನಿಮಗೆ ಹೇಳಬೇಕಾಗಿಲ್ಲ. ಯುರೋಪಿನ ಕ್ರೊಯೇಷಿಯಾ ಎಂಬ ಪುಟ್ಟ ದೇಶದ ಗೃಹಿಣಿಯರಿಗೂ ಅಂಥದೇ ಒಂದು ಪುಡಿಯುಂಟು. ಹೆಸರು ವೆಗೆಟಾ. ಒಣಗಿಸಿದ ತರಕಾರಿ, ಉಪ್ಪು, ಮಸಾಲೆ ಸೇರಿದ ಈ ಪುಡಿಯನ್ನು ಸೂಪಿಗೋ ಪಲ್ಯಕ್ಕೋ ಒಂದು ಚಮಚ ಉದುರಿಸಿದರಾಯಿತು, ರುಚಿಯೇ ಬೇರೆ. 1959ರಲ್ಲಿ ಮಾರುಕಟ್ಟೆಗೆ ಬಂದ ಇದನ್ನು ಕಂಡುಹಿಡಿದವರು ಜ್ಲಾಟಾ ಬಾರ್ಟಲ್ ಎಂಬ ಮಹಿಳೆ. ತಯಾರಿಸಿದ್ದು ಕೊಪ್ರಿವ್ನಿತ್ಸಾ ಎಂಬ ಊರಿನ ಪೊದ್ರಾವ್ಕಾ ಕಂಪೆನಿ.

ಅಡಿಗೆಯ ಪುಡಿಯ ಮಾತು ಇಲ್ಲೇಕೆ ಎನ್ನುವಿರಾ? ಅದೇ ಪೊದ್ರಾವ್ಕಾ ಹೆಸರಿನಲ್ಲಿ ಆ ಊರಲ್ಲೊಂದು ಮಹಿಳಾ ಹ್ಯಾಂಡ್‌ಬಾಲ್ ತಂಡವಿದೆ. 1996ರಲ್ಲಿ ಈ ತಂಡ ಯುರೋಪಿನ ಚಾಂಪಿಯನ್ಸ್ ಲೀಗನ್ನೇ ಗೆದ್ದಿತು. ಇಂಥ ತಂಡಗಳಲ್ಲಿ ಆಡಿ ಬೆಳೆದ ಹೆಣ್ಣುಮಕ್ಕಳ ಕಥೆಯನ್ನೇ ಈಗ ನಿಮಗೆ ಹೇಳಹೊರಟಿದ್ದೇನೆ.

ಮೊದಲು ಆಟವನ್ನು ಸ್ವಲ್ಪ ತಿಳಿದುಕೊಳ್ಳೋಣ. ಫುಟ್‌ಬಾಲನ್ನು ಕಾಲಿನ ಬದಲು ಕೈಯಲ್ಲಿ ಆಡಿದಂತೆ ಎನ್ನಿ. ಅಂಗಣ 40 ಮೀಟರ್ ಉದ್ದ, 20 ಮೀಟರ್ ಅಗಲ. ಗೋಲಿಯೂ ಸೇರಿ ಒಂದು ಕಡೆಗೆ 7 ಮಂದಿ. ತಲಾ 30 ನಿಮಿಷದ ಎರಡು ಅವಧಿ. ಚೆಂಡು ಕೈಗೆ ಬಂದ ಮೇಲೆ ಪುಟಿಸದೆ ಮೂರು ಹೆಜ್ಜೆಗಿಂತ ಹೆಚ್ಚು ಇಡುವಂತಿಲ್ಲ, ಮೂರು ಸೆಕೆಂಡಿಗಿಂತ ಹೆಚ್ಚು ಹಿಡಿದಿರುವಂತಿಲ್ಲ. ಹಾಗಾಗಿ ಆಟ ಒಂದು ಗಳಿಗೆಯೂ ನಿಲ್ಲುವುದಿಲ್ಲ. ತಳ್ಳಾಟ, ಬೀಳಾಟ ಎಲ್ಲ ಉಂಟು. ನಾಜೂಕಿನವರ ಆಟವಲ್ಲ ನೋಡಿ!

ಕ್ರೊಯೇಷಿಯಾದ ಗಂಡಸರ ತಂಡ ಈ ಆಟದಲ್ಲಿ 1996 ಮತ್ತು 2004ರ ಒಲಿಂಪಿಕ್ಸ್‌ಗಳಲ್ಲಿ ಚಿನ್ನ ಗೆದ್ದಿತ್ತು. ಹೆಂಗಸರ ತಂಡಕ್ಕೆ ಮಾತ್ರ ಒಂದು ದೊಡ್ಡ ಪದಕವೂ ಇರಲಿಲ್ಲ. ಅಣ್ಣ ಪ್ರತಿ ವರ್ಷ ಮೊದಲಿಗನಾಗಿ ಬಂದರೆ ತಂಗಿಯ ಅಂಕಪಟ್ಟಿಯನ್ನು ಯಾರು ಬಿಡಿಸಿ ನೋಡುತ್ತಾರೆ, ಹೇಳಿ?

2018ರಲ್ಲಿ ಫ್ರಾನ್ಸಿನಲ್ಲಿ ಯುರೋಪಿಯನ್ ಚಾಂಪಿಯನ್‌ಷಿಪ್ ನಡೆಯಿತು. ಹದಿನಾರು ತಂಡಗಳು. ಕ್ರೊಯೇಷಿಯಾದ ಹೆಣ್ಣುಮಕ್ಕಳಿಗೆ ಸಿಕ್ಕಿದ್ದು ಹದಿನಾರನೆಯ ಸ್ಥಾನ. ಅಂದರೆ ಕಟ್ಟಕಡೆಯದು. ಮರುವರ್ಷ ಜಪಾನಿನಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ಗೆ ಅವರು ಹೋಗಲೂ ಆಗಲಿಲ್ಲ.

ಎರಡು ವರ್ಷ ಕಳೆದು 2020ರ ಡಿಸೆಂಬರ್ ಬಂತು. ಕೊರೋನಾದ ಕಾಲ. ಜೊತೆಗೆ ಆತಿಥ್ಯ ವಹಿಸಬೇಕಿದ್ದ ನಾರ್ವೆ ಹಿಂದೆ ಸರಿದದ್ದರಿಂದ ಇಡೀ ಯುರೋಪಿಯನ್ ಚಾಂಪಿಯನ್‌ಷಿಪ್ ಡೆನ್ಮಾರ್ಕಿನಲ್ಲೇ ನಡೆಯಿತು. ಪ್ರೇಕ್ಷಕರಿಗೆ ಪ್ರವೇಶವಿಲ್ಲ. ಗೋಲು ಹೊಡೆದರೆ ಚಪ್ಪಾಳೆ ತಟ್ಟಲು ಬೆಂಚಿನ ಮೇಲೆ ಕೂತ ಗೆಳತಿಯರೇ ಗತಿ!

ತರಬೇತುದಾರ ನೆನಾದ್ ಶೊಷ್ಟಾರಿಚ್ ಅವರ ಈ ತಂಡ ಮೊದಲು ಹಂಗೆರಿಯನ್ನು 24-22ರಿಂದ ಸೋಲಿಸಿತು. ಆಮೇಲೆ 2019ರ ವಿಶ್ವ ಚಾಂಪಿಯನ್ ನೆದರ್ಲೆಂಡ್ಸನ್ನು 27-25ರಿಂದ! ಸರ್ಬಿಯಾ, ರುಮೇನಿಯಾ, ಜರ್ಮನಿಗಳೂ ಸೋತವು. ಆಗಲೇ ಇವರಿಗೆ ‘ಆಘಾತದ ರಾಣಿಯರು’ ಎಂಬ ಹೆಸರು ಅಂಟಿಕೊಂಡಿತು.

ಹಾಗೆಂದು ಎಲ್ಲ ಸಲೀಸಾಗಿ ನಡೆಯಲಿಲ್ಲ. ನಾರ್ವೆಯ ಎದುರು 11 ಗೋಲುಗಳ ಅಂತರದ ಸೋಲು. ಸೆಮಿಫೈನಲ್‌ನಲ್ಲಿ ಫ್ರಾನ್ಸಿನ ಎದುರು 30-19, ಮತ್ತೆ 11 ಗೋಲುಗಳ ಸೋಲು. ಇಂಥ ಪೆಟ್ಟು ತಿಂದ ಮೇಲೆ ಎರಡೇ ದಿನಕ್ಕೆ ಇನ್ನೊಂದು ಪಂದ್ಯ, ಅದೂ ಆತಿಥೇಯ ಡೆನ್ಮಾರ್ಕಿನ ಮೇಲೆ! ‘ಇಷ್ಟು ದೂರ ಬಂದದ್ದೇ ಸಾಕು’ ಎಂದು ಕೈಚೆಲ್ಲಿದ್ದರೆ ಯಾರೂ ಬೈಯುತ್ತಿರಲಿಲ್ಲ.

ಅವರು ಕೈಚೆಲ್ಲಲಿಲ್ಲ. ಡಿಸೆಂಬರ್ 20ರಂದು ಹೆರ್ನಿಂಗ್ ನಗರದಲ್ಲಿ ಡೆನ್ಮಾರ್ಕನ್ನು 25-19ರಿಂದ ಮಣಿಸಿದರು. ಮೂರು ಮೀಟರ್ ಅಗಲದ ಗೋಲನ್ನು ತೇಯಾ ಪಿಯೆವಿಚ್ ಎಂಬಾಕೆ ಕಾಯುತ್ತಿದ್ದರು. ಆರೇಳು ಮೀಟರ್ ದೂರದಿಂದ ಬಾಣದಂತೆ ಬರುವ ಚೆಂಡಿಗೆ ಮೈಯನ್ನೇ ಅಡ್ಡ ಒಡ್ಡುವ ಕೆಲಸ ಅದು. ಆನಾ ಡೆಬೆಲಿಚ್‌ರದು ಇನ್ನೊಂದು ಬಗೆಯ ಕಷ್ಟ. ಎದುರಾಳಿಗಳ ಗುಂಪಿನ ನಡುವೆ ಗೋಲಿಗೆ ಬೆನ್ನು ಮಾಡಿ ನಿಂತು, ನೂಕು ತಿನ್ನುತ್ತಲೇ ಚೆಂಡು ಹಿಡಿದು, ಸರಕ್ಕನೆ ತಿರುಗಿ ಎಸೆಯಬೇಕು. ಆ ಸ್ಥಾನದಲ್ಲಿ ಇಡೀ ಪಂದ್ಯಾವಳಿಯ ಶ್ರೇಷ್ಠ ಆಟಗಾರ್ತಿ ಎಂದು ಅವರನ್ನೇ ಆರಿಸಿದರು.

ಹೀಗೆ ಕ್ರೊಯೇಷಿಯಾದ ಮಹಿಳಾ ಹ್ಯಾಂಡ್‌ಬಾಲ್ ತಂಡಕ್ಕೆ ಮೊಟ್ಟಮೊದಲ ದೊಡ್ಡ ಪದಕ ಬಂತು. ಅವರು ಸೋತದ್ದು ಎರಡೇ ಸಲ. ಒಂದು, ಚಿನ್ನ ಗೆದ್ದ ನಾರ್ವೆಗೆ. ಇನ್ನೊಂದು, ಬೆಳ್ಳಿ ಗೆದ್ದ ಫ್ರಾನ್ಸಿಗೆ.

ನನಗೆ ಇದರಲ್ಲಿ ಹಿಡಿಸಿದ್ದು ಪದಕಕ್ಕಿಂತ ಹೆಚ್ಚಾಗಿ, ಆ ಸೋಲಿಗೂ ಗೆಲುವಿಗೂ ನಡುವಿನ ಎರಡು ದಿನ. ನಮ್ಮ ಮನೆಗಳಲ್ಲೂ ಅಂಥ ದಿನಗಳು ಬರುತ್ತವೆ. ನಾಳೆ ನಿಮ್ಮ ಮಗಳು ಶಾಲೆಯಿಂದ ಮುಖ ಬಾಡಿಸಿಕೊಂಡು ಬಂದು, “ಅಮ್ಮಾ, ನಾನೇ ಎಲ್ಲರಿಗಿಂತ ಕೊನೇಲಿ ಬಂದೆ” ಎಂದರೆ ಏನು ಮಾಡುವಿರಿ? “ನಿನಗ್ಯಾಕೆ ಬೇಕಿತ್ತು ಈ ಆಟ, ಹೋಗಿ ಓದ್ಕೋ” ಎಂದು ಗದರಬೇಡಿ. ಮೊದಲು ತಟ್ಟೆಗೆ ಎರಡು ಬಿಸಿ ದೋಸೆ ಹಾಕಿ. ಆಮೇಲೆ ಹತ್ತಿರ ಕೂತು, “ಮುಂದಿನ ಪಂದ್ಯ ಯಾವಾಗಮ್ಮಾ?” ಅಂತ ಕೇಳಿ.