ಆಯುಧದ ಹಕ್ಕು: ಹಲಗಲಿಯೂ ಕೊಡಗೂ

ಆಯುಧವನ್ನಿಟ್ಟುಕೊಳ್ಳುವುದು ಪ್ರಜೆಯ ಹಕ್ಕೋ, ಸರ್ಕಾರದ ಅನುಗ್ರಹವೋ? ಇದಕ್ಕೆ ಕನ್ನಡನಾಡಿನಲ್ಲಿಯೇ ಎರಡು ನಿದರ್ಶನಗಳುಂಟು. ಕಂಪನಿ ಸರ್ಕಾರವು 1857ರಲ್ಲಿ ನಿಶ್ಶಸ್ತ್ರೀಕರಣದ ಕಾಯಿದೆಯನ್ನು ಹೊರಡಿಸಿ, ಜನರ ಆಯುಧಗಳನ್ನು ಕಸಿಯತೊಡಗಿತು. ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಇದಕ್ಕೆ ಒಪ್ಪಲಿಲ್ಲ. ಒಕ್ಕಲಿಗನಿಗೆ ನೇಗಿಲು ಹೇಗೋ ಬೇಡನಿಗೆ ಆಯುಧವು ಹಾಗೆ. ಅದನ್ನೊಪ್ಪಿಸಿದರೆ ಅನ್ನದೊಡನೆ ಮಾನವೂ ಹೋದಂತೆ. ಆ ನವೆಂಬರಿನಲ್ಲಿ ಸೈನ್ಯವು ಬಂದು ಊರಿಗೆ ಬೆಂಕಿಯಿಟ್ಟಿತು. ಸೆರೆಸಿಕ್ಕವರಲ್ಲಿ ಹಲವರು ಗಲ್ಲಿಗೇರಿದರು. ಲಾವಣಿಕಾರರು ಆ ಕಥೆಯನ್ನು ಮರೆಯಗೊಡಲಿಲ್ಲ. ಕೋವಿಯು ದುಷ್ಟನ ಕೈಸೇರಿದರೆ ಕೊಲೆಗಳು ಹೆಚ್ಚುವುವೆಂಬ ವಾದವನ್ನು ನಾವು ಹಗುರವಾಗಿ ಕಾಣೆವು. ಆದರೆ ಆ ಕಾಯಿದೆಯು ಹುಟ್ಟಿದುದು ಕೊಲೆಗಡುಕರ ಭಯದಿಂದಲ್ಲ, ಪ್ರಜೆಗಳ ಭಯದಿಂದ.

ಕೊಡಗಿನಲ್ಲಿ ಅದೇ ಕಾಯಿದೆಯು ಬೇರೊಂದು ಮುಖವನ್ನು ತೋರಿತು. ಕೊಡವರ ನಿಷ್ಠೆಯನ್ನೂ ಶೌರ್ಯವನ್ನೂ ಮೆಚ್ಚಿ ಕಮಿಷನರ್ ಮಾರ್ಕ್ ಕಬ್ಬನ್ನನು 1861ರಲ್ಲಿ ಅವರಿಗೆ ವಿನಾಯಿತಿಯನ್ನಿತ್ತನು. (ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಯನ್ನು ಪೂಜಿಸುವ ಜನರವರು.) 1959ರ ಆಯುಧ ಕಾಯಿದೆಯ ಕೆಳಗೂ ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಆ ವಿನಾಯಿತಿಯು ದೊರೆಯಿತು, 2021ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವು ಅದನ್ನು ಎತ್ತಿಹಿಡಿಯಿತು. ಇದನ್ನು ಪೂರ್ಣವಾದ ಹಕ್ಕೆಂದು ಕರೆಯಲು ನಮಗೆ ಮನಸ್ಸು ಬಾರದು. ಮೆಚ್ಚಿಕೆಯಿಂದ ಬಂದ ಈ ವಿನಾಯಿತಿಗೆ ಕೇಂದ್ರ ಸರ್ಕಾರವು 2019ರಲ್ಲಿ ಗೊತ್ತುಮಾಡಿದ ಗಡುವು, 2029ರ ಅಕ್ಟೋಬರ್ 31.