ಮೇನ್‌ಫ್ರೇಮ್ ಶೆಲ್‌ನಲ್ಲಿ ಕಂಟ್ರೋಲ್-ಸಿ ಕೊಡೋದು ಹೇಗೆ?

ಹೈದರಾಬಾದಿಗೆ ಬಂದ ಹೊಸದರಲ್ಲಿ ಒಂದು ನೈಟ್ ಶಿಫ್ಟ್. ಝಡ್‌ಓಎಸ್‌ನ ಓಎಂವಿಎಸ್ ಶೆಲ್‌ನಲ್ಲಿ ಲಾಗ್ ನೋಡೋಕೆ 'ಟೇಲ್ -ಎಫ್' ಹಾಕಿದೆ. ನಿಲ್ಲಿಸೋಕೇ ಬರಲಿಲ್ಲ! ಕಂಟ್ರೋಲ್-ಸಿ ಎಷ್ಟು ಒತ್ತಿದರೂ ಲಾಗ್ ಓಡ್ತಾನೇ ಇತ್ತು.

ಯಾಕೆ ಗೊತ್ತಾ? 3270 ಟರ್ಮಿನಲ್ ಒಂದೊಂದೇ ಕೀ ಕಳಿಸಲ್ಲ. ಟೈಪ್ ಮಾಡಿದ್ದು ನಿಮ್ಮ ಪರದೆಯಲ್ಲೇ ಇರುತ್ತೆ; ಎಂಟರ್ ಅಥವಾ ಪಿಎಫ್ ಕೀ ಒತ್ತಿದಾಗ ಒಟ್ಟಿಗೆ ಹೋಗುತ್ತೆ. ಹಾಗಾಗಿ ಶೆಲ್‌ಗೆ ಕಂಟ್ರೋಲ್ ಕೀ ತಲುಪೋದೇ ಇಲ್ಲ. ಅದರ ಬದಲು ಒಂದು ಎಸ್ಕೇಪ್ ಚಿಹ್ನೆ ಇದೆ. ಪರದೆಯ ಕೆಳಗೆ 'ಇಎಸ್‌ಸಿ=¢' ಅಂತ ಕಾಣುತ್ತಲ್ಲ, ಅದೇ. ¢ ಹಾಕಿ, ಪಕ್ಕದಲ್ಲೇ ಸಿ ಅಕ್ಷರ ಹಾಕಿ ಎಂಟರ್ ಕೊಟ್ಟರೆ ಕಂಟ್ರೋಲ್-ಸಿ ಆಯ್ತು.

ಆದರೆ ನಮ್ಮ ಕೀಬೋರ್ಡಿನಲ್ಲಿ ಸೆಂಟ್ ಚಿಹ್ನೆ ಎಲ್ಲಿದೆ ಸ್ವಾಮಿ? ಬದಲಾಯಿಸಿಕೊಳ್ಳಬಹುದು. ಟಿಎಸ್‌ಓದಿಂದ ಶೆಲ್ ತೆರೆಯುವಾಗಲೇ

ಓಎಂವಿಎಸ್ ಎಸ್ಕೇಪ್('@')

ಅಂತ ಕೊಡಿ (ಟೈಪ್ ಮಾಡೋದು ಇಂಗ್ಲಿಷಿನಲ್ಲೇ). ಆಮೇಲೆ @ ಜೊತೆ ಸಿ ಹಾಕಿ ಎಂಟರ್ ಒತ್ತಿದರೆ ಸಾಕು.

ಚಿಹ್ನೆ ಆರಿಸುವಾಗ ಮಾತ್ರ ಹುಷಾರು. % ಇಟ್ಟುಕೊಂಡಿರಿ ಅನ್ನಿ, 'ಡೇಟ್ +%ಡಿ' ಹೊಡೆದರೆ ತಾರೀಖು ಬರಲ್ಲ, ಆ ಡಿ ಕಂಟ್ರೋಲ್-ಡಿ ಆಗಿಬಿಡುತ್ತೆ. ನೀವು ಕೈಯಾರೆ ಅಪರೂಪಕ್ಕೆ ಟೈಪ್ ಮಾಡುವ ಚಿಹ್ನೆಯೇ ಇರಲಿ. ಎಸ್‌ಎಸ್‌ಎಚ್‌ನಲ್ಲಿ ಒಳಗೆ ಹೋಗೋರಿಗೆ ಇದ್ಯಾವುದೂ ಬೇಕಿಲ್ಲ, ಅಲ್ಲಿ ಕಂಟ್ರೋಲ್ ಕೀ ನೇರವಾಗೇ ಕೆಲಸ ಮಾಡುತ್ತೆ.